ಎ ಕೋಲ್ಡ್, ದಿ ಫ್ಲೂ, ಬರೀ ಮಲೇರಿಯಾ: ಇಂಗ್ಲಿಷ್‌ನಲ್ಲಿ ಕಾಯಿಲೆ ಎಣಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಷಾರಿಲ್ಲ ಅಂತ ಇಂಗ್ಲಿಷ್‌ನಲ್ಲಿ ಹೇಳಬೇಕಾದ ಹೊತ್ತಿಗೆ ಗ್ರಾಮರ್ ನೆನಪಿಸಿಕೊಳ್ಳುವಷ್ಟು ಹುಷಾರು ಯಾರಿಗೂ ಇರುವುದಿಲ್ಲ. ಅದಕ್ಕೇ ಇದನ್ನು ಆರೋಗ್ಯವಾಗಿರುವಾಗಲೇ ಓದಿಟ್ಟುಕೊಳ್ಳಿ. ನನ್ನ ಹತ್ತಿರ ಇಂಗ್ಲಿಷ್ ಕಲಿಯುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಎರಡೇ ಸಾಲು, ಕೆಲವಕ್ಕೆ ಉದ್ದ. ಪ್ರಶ್ನೆಗಳೇ ಹಾಗಿವೆ, ನಾನೇನು ಮಾಡಲಿ.

ಕಾಯಿಲೆಯನ್ನು ಎಣಿಸುವುದು ಅಂದ್ರೇನು? ಕನ್ನಡದಲ್ಲಿ ಈ ರಗಳೆ ಇಲ್ವಲ್ಲ?

ಇಲ್ಲ ನಿಜ. ತೊಂದರೆ ಶುರುವಾಗುವುದೂ ಅಲ್ಲೇ. ನಾವು ‘ನೆಗಡಿ ಆಗಿದೆ’, ‘ಜ್ವರ ಬಂದಿದೆ’, ‘ಮಲೇರಿಯಾ ಬಂದಿದೆ’ ಅನ್ನುತ್ತೇವೆ. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಚ್ಚು. ‘ನನಗೆ ಒಂದು ನೆಗಡಿ ಆಗಿದೆ’ ಅಂತ ಯಾರಾದರೂ ಅಂದರೆ ಇನ್ನೊಂದು ಯಾವಾಗ ಅಂತ ಕೇಳಬೇಕಾಗುತ್ತದೆ!

ಇಂಗ್ಲಿಷ್ ಹಾಗಲ್ಲ. ಅಲ್ಲಿ ಒಂದು ಹೆಸರು ಬಾಯಿಂದ ಹೊರಡುವ ಮೊದಲೇ ಅದು ಎಣಿಕೆಗೆ ಸಿಗುತ್ತದೋ ಇಲ್ಲವೋ ಅಂತ ತೀರ್ಮಾನ ಆಗಿರಬೇಕು. ಸಿಗುವಂಥದ್ದು ಕೌಂಟಬಲ್. ಒಂದೇ ಇದ್ದರೆ ಅದಕ್ಕೆ ಮೊದಲು ‘ಎ’ ಅಥವಾ ‘ಆ್ಯನ್’, ಜಾಸ್ತಿ ಇದ್ದರೆ ಕೊನೆಗೆ ‘ಎಸ್’. ಸಿಗದೇ ಇರುವಂಥದ್ದು ಅನ್‌ಕೌಂಟಬಲ್. ಅದಕ್ಕೆ ‘ಎ’ಯೂ ಇಲ್ಲ, ‘ಎಸ್’ ಕೂಡ ಇಲ್ಲ, ನೀರು, ಗಾಳಿ, ಮರಳು ಇದ್ದ ಹಾಗೆ. ಕಾಯಿಲೆಗಳನ್ನೂ ಇದೇ ಜರಡಿಗೆ ಹಾಕುತ್ತಾರೆ. ಹಾಗಾಗಿ ‘ಐ ಹ್ಯಾವ್ ಎ ಕೋಲ್ಡ್’ ಸರಿ, ‘ಐ ಹ್ಯಾವ್ ಮಲೇರಿಯಾ’ ಸರಿ. ಅದಲು ಬದಲು ಮಾಡಿ ‘ಐ ಹ್ಯಾವ್ ಕೋಲ್ಡ್’, ‘ಐ ಹ್ಯಾವ್ ಎ ಮಲೇರಿಯಾ’ ಅಂದರೆ ಎರಡೂ ತಪ್ಪು.

ಇದಕ್ಕೊಂದು ಲಾಜಿಕ್ ಇದೆಯಾ, ಇಲ್ಲಾ ಬಾಯಿಪಾಠವೇ ಗತಿಯಾ?

ಅರ್ಧ ಲಾಜಿಕ್, ಅರ್ಧ ಬಾಯಿಪಾಠ.

ಲಾಜಿಕ್ ಇಷ್ಟು. ಬಂದು ಹೋಗುವ, ಮತ್ತೆ ಬರುವ, ‘ಈ ತಿಂಗಳಲ್ಲಿ ಇದು ಮೂರನೇ ಸಲ’ ಅಂತ ಬೆರಳು ಮಡಿಸಬಹುದಾದ ತೊಂದರೆಗಳು ಕೌಂಟಬಲ್: ಎ ಹೆಡೇಕ್, ಎ ಕಾಫ್, ಎ ಸೋರ್ ಥ್ರೋಟ್, ಎ ರನ್ನಿ ನೋಸ್. ಕೈಯಿಟ್ಟು ‘ಇಲ್ಲಿ ನೋಡಿ’ ಅಂತ ತೋರಿಸಬಹುದಾದವೂ ಕೌಂಟಬಲ್: ದದ್ದು ‘ಎ ರ‍್ಯಾಶ್’, ಹುಣ್ಣು ‘ಆ್ಯನ್ ಅಲ್ಸರ್’, ಕುರು ‘ಎ ಬಾಯಿಲ್’, ಮೂಳೆ ಮುರಿದರೆ ‘ಎ ಫ್ರ್ಯಾಕ್ಚರ್’, ಗಡ್ಡೆ ‘ಎ ಟ್ಯೂಮರ್’. ಮೈಯೊಳಗೆ ಠಿಕಾಣಿ ಹೂಡುವ, ಪುಸ್ತಕದಲ್ಲಿ ಪ್ರತ್ಯೇಕ ಅಧ್ಯಾಯ ಇರುವಂಥ ರೋಗಗಳು ಅನ್‌ಕೌಂಟಬಲ್: ಮಲೇರಿಯಾ, ಕಾಲರಾ, ಟೈಫಾಯ್ಡ್, ಡಯಾಬಿಟಿಸ್, ಆಸ್ತಮಾ, ನ್ಯುಮೋನಿಯಾ, ಜಾಂಡಿಸ್, ಎಪಿಲೆಪ್ಸಿ, ಟ್ಯೂಬರ್‌ಕ್ಯುಲೋಸಿಸ್.

ಇನ್ನು ಲಾಜಿಕ್ ಕೈಕೊಡುವ ಜಾಗ. ಡಯೇರಿಯಾ ಬಂದು ಎರಡೇ ದಿನಕ್ಕೆ ಹೋಗಬಹುದು, ಆದರೂ ಅದಕ್ಕೆ ‘ಎ’ ಇಲ್ಲ. ಇಂಡೈಜೆಷನ್, ಕಾನ್‌ಸ್ಟಿಪೇಷನ್, ನಾಸಿಯಾ, ಹಾರ್ಟ್‌ಬರ್ನ್, ಇವಕ್ಕೂ ಇಲ್ಲ. ಹೊಟ್ಟೆಯ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಅನ್‌ಕೌಂಟಬಲ್ ಅಂದುಕೊಂಡರೆ ನಷ್ಟವಿಲ್ಲ. ಇನ್ನೊಂದು ಕಡೆ ಅಲರ್ಜಿ ಜೀವನಪೂರ್ತಿ ಜೊತೆಗೇ ಇರಬಹುದು, ಆದರೂ ‘ಆ್ಯನ್ ಅಲರ್ಜಿ’.

ಹಾಗಾಗಿ ನನ್ನ ಸಲಹೆ ಒಂದೇ. ಕಾಯಿಲೆಯ ಹೆಸರನ್ನು ಒಂಟಿಯಾಗಿ ಕಲಿಯಬೇಡಿ. ನಮ್ಮ ಹೆಸರಿನ ಜೊತೆ ಇನಿಷಿಯಲ್ ಇರುತ್ತದಲ್ಲ, ಆ ಥರ ‘ಎ’ ಅನ್ನೋದನ್ನು ಅದರ ಇನಿಷಿಯಲ್ ಅಂದುಕೊಳ್ಳಿ. ‘ಎ ಹೆಡೇಕ್’ ಅನ್ನುವುದೇ ಪೂರ್ತಿ ಹೆಸರು. ಮಲೇರಿಯಾಕ್ಕೆ ಇನಿಷಿಯಲ್ ಇಲ್ಲ.

‘ಐ ಹ್ಯಾವ್ ಕೋಲ್ಡ್’ ಅಂದ್ರೆ ಅರ್ಥ ಆಗುತ್ತಲ್ಲ, ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಅರ್ಥ ಆಗುತ್ತದೆ, ಬಹಳ ಸಲ. ಆದರೆ ಈ ‘ಕೋಲ್ಡ್’ ಅನ್ನೋ ಪದ ಸ್ವಲ್ಪ ಕಿಲಾಡಿ. ‘ಐ ಆಮ್ ಕೋಲ್ಡ್’ ಅಂದರೆ ಚಳಿಯಾಗುತ್ತಿದೆ. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ. ‘ದಿ ಕೋಲ್ಡ್’ ಅಂದರೆ ಹೊರಗಿನ ಚಳಿ ಹವೆ. ‘ಐ ಹ್ಯಾವ್ ಕೋಲ್ಡ್ ಫೀಟ್’ ಅಂದರೆ ಪಾದ ತಣ್ಣಗಿದೆ ಅಂತಲೂ ಆಗಬಹುದು, ಮಾಡಬೇಕಾದ ಕೆಲಸಕ್ಕೆ ಕೊನೇ ಗಳಿಗೆಯಲ್ಲಿ ಧೈರ್ಯ ಸಾಲುತ್ತಿಲ್ಲ ಅಂತಲೂ ಆಗಬಹುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಬೆಳಿಗ್ಗೆ ಮೂಗು ಸೋರಿಸಿಕೊಂಡು, ‘ಐ ಆಮ್ ಕೋಲ್ಡ್, ಕೆನಾಟ್ ಕಮ್ ಟುಡೇ’ ಅಂತ ಮೇಲಿನವರಿಗೆ ಮೆಸೇಜ್ ಹಾಕಿದ್ದೆ. ಸ್ವೆಟರ್ ಹಾಕಿಕೊಂಡು ಬನ್ನಿ ಅಂತ ಉತ್ತರ ಬಂತು. ತಮಾಷೆಗೆ ಹೇಳಿದರೋ ನಿಜವಾಗಿಯೋ ಇವತ್ತಿಗೂ ಗೊತ್ತಿಲ್ಲ, ಅವತ್ತು ಹೋಗಿದ್ದಂತೂ ಹೋಗಿದ್ದೆ.

ಒಂದು ವಿನಾಯಿತಿ ಇದೆ. ‘ಕ್ಯಾಚ್ ಕೋಲ್ಡ್’ ಅನ್ನುವ ಹಳೆಯ ಜೋಡಿಯಲ್ಲಿ ‘ಎ’ ಬಿಟ್ಟರೂ ನಡೆಯುತ್ತದೆ. ಆದರೆ ನಡುವೆ ‘ಬ್ಯಾಡ್’ ಬಂತೋ, ‘ಕ್ಯಾಚ್ ಎ ಬ್ಯಾಡ್ ಕೋಲ್ಡ್’ ಅಂತ ‘ಎ’ ವಾಪಸ್ ಬರಲೇಬೇಕು. ಯಾವಾಗಲೂ ‘ಕ್ಯಾಚ್ ಎ ಕೋಲ್ಡ್’ ಅಂತಲೇ ಹೇಳಿದರೆ ಈ ಲೆಕ್ಕ ಇಟ್ಟುಕೊಳ್ಳುವ ಕೆಲಸವೇ ಇಲ್ಲ.

ಜ್ವರಕ್ಕೆ ‘ಎ’ ಬೇಕಾ, ಬೇಡ್ವಾ?

ಮೈ ಬಿಸಿಯಾಗಿದೆ ಅನ್ನುವ ಅರ್ಥದಲ್ಲಿ ಬೇಕು: ‘ಐ ಹ್ಯಾವ್ ಎ ಫೀವರ್’, ‘ಶಿ ಹ್ಯಾಸ್ ಎ ಹೈ ಫೀವರ್’. ಆದರೆ ರೋಗದ ಹೆಸರಿನಲ್ಲೇ ಫೀವರ್ ಸೇರಿಕೊಂಡಿದ್ದರೆ ಬೇಡ: ಡೆಂಗಿ ಫೀವರ್, ಯೆಲ್ಲೋ ಫೀವರ್, ಟೈಫಾಯ್ಡ್ ಫೀವರ್. ‘ಹಿ ಹ್ಯಾಸ್ ಎ ಡೆಂಗಿ ಫೀವರ್’ ಅನ್ನುವುದಿಲ್ಲ. ಅಂದರೆ ಒಂದೇ ಪದ, ಲಕ್ಷಣವಾಗಿದ್ದಾಗ ಕೌಂಟಬಲ್, ರೋಗವಾದಾಗ ಅನ್‌ಕೌಂಟಬಲ್. ಕೆಮ್ಮಿನ ಕಥೆಯೂ ಇದೇ: ಸಾದಾ ಕೆಮ್ಮು ‘ಎ ಕಾಫ್’, ನಾಯಿಕೆಮ್ಮು ಮಾತ್ರ ಬರೀ ‘ಹೂಪಿಂಗ್ ಕಾಫ್’.

ಫೀವರ್ ಪದಕ್ಕೆ ಡಾಕ್ಟರುಗಳು ಮತ್ತು ವೈದ್ಯಕೀಯ ಬರಹಗಳು ಕೆಲವೊಮ್ಮೆ ‘ಎ’ ಬಿಡುವುದುಂಟು. ‘ಫೀವರ್ ಈಸ್ ಎ ಕಾಮನ್ ಸಿಂಪ್ಟಮ್’ ಅನ್ನುವಂಥ ವಾಕ್ಯಗಳು. ಅಲ್ಲಿ ಒಬ್ಬರ ಜ್ವರದ ಮಾತಲ್ಲ, ಜ್ವರ ಅನ್ನುವುದರ ಮಾತು.

ಬ್ರಿಟಿಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಐ ಹ್ಯಾವ್ ಎ ಟೆಂಪರೇಚರ್’ ಅನ್ನುತ್ತಾರೆ. ಟೆಂಪರೇಚರ್ ಯಾರಿಗಿಲ್ಲ ಹೇಳಿ! ಮಂಜುಗಡ್ಡೆಗೂ ಇದೆ. ಆದರೂ ‘ಎ ಟೆಂಪರೇಚರ್’ ಅಂದರೆ ಜ್ವರ ಅಂತಲೇ ಅರ್ಥ. ಈ ವಿಷಯ ಮುಂದೆ ಬಿಪಿ, ಶುಗರ್ ಬಂದಾಗ ನೆನಪಿಟ್ಟುಕೊಳ್ಳಿ.

ತಲೆನೋವಿಗೆ ‘ಎ’ ಇದೆ. ಹಲ್ಲುನೋವಿಗೆ ಕೆಲವರು ಹಾಕುತ್ತಾರೆ, ಕೆಲವರು ಹಾಕಲ್ಲ. ಯಾವುದು ಸರಿ?

ಎರಡೂ. ಹೆಡೇಕ್ ಮಾತ್ರ ಎಲ್ಲ ಕಡೆ, ಎಲ್ಲರ ಬಾಯಲ್ಲೂ ‘ಎ ಹೆಡೇಕ್’. ಉಳಿದ ನೋವುಗಳಲ್ಲಿ ಅಮೆರಿಕದವರಿಗೂ ಬ್ರಿಟಿಷರಿಗೂ ಒಮ್ಮತ ಇಲ್ಲ. ಅಮೆರಿಕದವರು ಎಲ್ಲದಕ್ಕೂ ಹಾಕುತ್ತಾರೆ: ಎ ಟೂತ್‌ಏಕ್, ಎ ಬ್ಯಾಕ್‌ಏಕ್, ಆ್ಯನ್ ಇಯರ್‌ಏಕ್, ಎ ಸ್ಟಮಕ್‌ಏಕ್. ಬ್ರಿಟಿಷರು ಹಾಕಿಯೂ ಹೇಳುತ್ತಾರೆ, ಬಿಟ್ಟೂ ಹೇಳುತ್ತಾರೆ. ‘ಐ ಹ್ಯಾವ್ ಗಾಟ್ ಟೂತ್‌ಏಕ್’ ಅಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅದಕ್ಕೇ ನೀವು ಎಲ್ಲಾ ನೋವಿಗೂ ‘ಎ’ ಹಾಕಿಬಿಡಿ. ಎರಡೂ ಕಡೆ ಬಚಾವ್.

ಕಾಲಿನ ಮಾಂಸಖಂಡ ಹಿಡಿದುಕೊಳ್ಳುತ್ತದಲ್ಲ, ಅದರಲ್ಲೂ ಇದೇ ಜಗಳ. ಬ್ರಿಟಿಷರ ಬಾಯಲ್ಲಿ ‘ಐ ಹ್ಯಾವ್ ಗಾಟ್ ಕ್ರ್ಯಾಂಪ್’, ಅಮೆರಿಕದಲ್ಲಿ ‘ಎ ಕ್ರ್ಯಾಂಪ್’.

ಮೈಗ್ರೇನ್?

ಎರಡೂ ಥರ. ಈಗ ಬಂದು ಕಾಡುತ್ತಿರುವ ಅರೆತಲೆನೋವು ‘ಎ ಮೈಗ್ರೇನ್’. ವರ್ಷಗಳಿಂದ ಇರುವ ತೊಂದರೆ ‘ಮೈಗ್ರೇನ್’, ಅಥವಾ ಮತ್ತೆ ಮತ್ತೆ ಬರುತ್ತದೆ ಅಂತ ಹೇಳಬೇಕಾದರೆ ‘ಮೈಗ್ರೇನ್ಸ್’.

ಫ್ಲೂ ಬಂದ್ರೆ ‘ಎ’, ‘ದಿ’, ಏನು ಹಾಕೋದು?

‘ದಿ ಫ್ಲೂ’ ಅನ್ನಿ, ಅಥವಾ ಬರೀ ‘ಫ್ಲೂ’ ಅನ್ನಿ. ಅಮೆರಿಕದವರಿಗೆ ‘ದಿ’ ಇಷ್ಟ, ಬ್ರಿಟಿಷರಿಗೆ ಎರಡೂ ಸರಿ. ‘ಐ ಹ್ಯಾವ್ ಎ ಫ್ಲೂ’ ಮಾತ್ರ ಬೇಡ. ಇದು ಕೇಳಲು ವಿಚಿತ್ರ ಅನಿಸಬಹುದು, ಯಾಕೆಂದರೆ ನೆಗಡಿಗೂ ಫ್ಲೂಗೂ ಸಾಮಾನ್ಯ ಜನರ ಕಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಒಂದಕ್ಕೆ ‘ಎ’, ಇನ್ನೊಂದಕ್ಕೆ ‘ದಿ’ ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ. ಫ್ಲೂ ಅನ್ನುವುದು ಇನ್‌ಫ್ಲುಯೆಂಜಾ ಅನ್ನುವ ಇಟಾಲಿಯನ್ ಮೂಲದ ಪದದ ತುಂಡು. ಅದರ ಅರ್ಥ ‘ಪ್ರಭಾವ’. ಗ್ರಹಗತಿಯ ಪ್ರಭಾವದಿಂದ ಈ ಕಾಯಿಲೆ ಹಬ್ಬುತ್ತದೆ ಅಂತ ಹಿಂದೆ ನಂಬಿದ್ದರು. ಪ್ರಭಾವವನ್ನು ಒಂದು, ಎರಡು ಅಂತ ಎಣಿಸಿಕೊಂಡು ಯಾರು ಕೂರುತ್ತಾರೆ?

ಪೂರ್ತಿ ಹೆಸರು ಬಳಸಿದರೆ ‘ದಿ’ ಕೂಡ ಬೇಡ, ಬರೀ ‘ಇನ್‌ಫ್ಲುಯೆಂಜಾ’. ಬರ್ಡ್ ಫ್ಲೂ, ಸ್ವೈನ್ ಫ್ಲೂ ಕೂಡ ಹಾಗೇ. 1918ರ ಮಹಾಮಾರಿಯ ಬಗ್ಗೆ ಹೇಳುವಾಗ ‘ದಿ 1918 ಫ್ಲೂ’ ಅಂತ ‘ದಿ’ ಬರುವುದು ಬೇರೆ ಕಾರಣಕ್ಕೆ. ಅದು ‘ಇಂಥದ್ದೇ’ ಅಂತ ಬೆಟ್ಟು ಮಾಡಿ ತೋರಿಸುವ ‘ದಿ’.

ಬಿಕ್ಕಳಿಕೆಗೂ ಈ ‘ದಿ’ ಅಂಟಿಕೊಳ್ಳುವುದುಂಟು: ‘ದಿ ಹಿಕಪ್ಸ್’ ಅಥವಾ ಬರೀ ‘ಹಿಕಪ್ಸ್’.

ಕೋವಿಡ್?

‘ಎ’ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಫೆಬ್ರವರಿ 11ರಂದು ಕೋವಿಡ್-19 ಅಂತ ಹೆಸರಿಟ್ಟಿತು. ಕೊರೊನಾದ ‘ಕೋ’, ವೈರಸ್‌ನ ‘ವಿ’, ಡಿಸೀಸ್‌ನ ‘ಡಿ’. ಹೊಸ ಪದ ಬಂದ ಕೂಡಲೇ ಇಂಗ್ಲಿಷ್ ಮಾತಾಡುವವರು, ಯಾರೂ ಹೇಳಿಕೊಡದೆಯೇ, ಅದನ್ನು ಮಲೇರಿಯಾದ ಸಾಲಿನಲ್ಲಿ ಕೂರಿಸಿದರು. ‘ಐ ಹ್ಯಾವ್ ಕೋವಿಡ್’. ಹೊಸ ರೋಗದ ಹೆಸರು ಎದುರಾದಾಗ ನೀವೂ ಅದನ್ನೇ ಮಾಡಿ. ಗೊತ್ತಿಲ್ಲದಿದ್ದರೆ ‘ಎ’ ಬಿಡಿ.

ಹೆಸರು ನೋಡಿಯೇ ಅನ್‌ಕೌಂಟಬಲ್ ಅಂತ ಗುರುತು ಹಿಡಿಯಬಹುದಾ?

ಸುಮಾರು ಮಟ್ಟಿಗೆ ಹೌದು, ಬಾಲ ನೋಡಿ. ‘ಐಟಿಸ್’ ಅಂತ ಮುಗಿದರೆ ಕಣ್ಣು ಮುಚ್ಚಿ ‘ಎ’ ಬಿಡಬಹುದು: ಆರ್ಥ್ರೈಟಿಸ್, ಬ್ರಾಂಕೈಟಿಸ್, ಅಪೆಂಡಿಸೈಟಿಸ್, ಹೆಪಟೈಟಿಸ್. ‘ಇಯಾ’ ಅಂತ ಮುಗಿಯುವ ರೋಗಗಳಲ್ಲೂ ಹೆಚ್ಚಿನವು ಹಾಗೇ: ನ್ಯುಮೋನಿಯಾ, ಅನೀಮಿಯಾ, ಇನ್‌ಸೋಮ್ನಿಯಾ. ಆದರೆ ‘ಎ ಹರ್ನಿಯಾ’, ‘ಎ ಫೋಬಿಯಾ’ ಅಂತ ಇಬ್ಬರು ಕಿಡಿಗೇಡಿಗಳು ಈ ಗುಂಪಿನಲ್ಲಿ ಇದ್ದಾರೆ.

ಮಲೇರಿಯಾ ಮರೆಯದಿರಲು ಒಂದು ಉಪಾಯ. ಇಟಾಲಿಯನ್‌ನಲ್ಲಿ ‘ಮಾಲಾ ಆರಿಯಾ’ ಅಂದರೆ ಕೆಟ್ಟ ಗಾಳಿ. ಜೌಗು ನೆಲದ ಕೆಟ್ಟ ಗಾಳಿಯಿಂದಲೇ ಈ ಜ್ವರ ಬರುತ್ತದೆ ಅಂದುಕೊಂಡಿದ್ದರು. ಮಲೇರಿಯಾದ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿರುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಕಂಡುಹಿಡಿದರು, ಆದರೆ ಅಷ್ಟು ಹೊತ್ತಿಗೆ ಹೆಸರು ಗಟ್ಟಿಯಾಗಿಬಿಟ್ಟಿತ್ತು. ಸೊಳ್ಳೆಯನ್ನು ಎಣಿಸಬಹುದು, ಗಾಳಿಯನ್ನು ಎಣಿಸೋಕಾಗಲ್ಲ. ಅದಕ್ಕೇ ‘ಎ’ ಇಲ್ಲ ಅಂತ ನೆನಪಿಟ್ಟುಕೊಳ್ಳಿ. ವ್ಯಾಕರಣದ ಕಾರಣ ಇದಲ್ಲ, ನೆನಪಿಗೆ ಮಾತ್ರ.

ಮೀಸಲ್ಸ್, ಮಂಪ್ಸ್ ಕೊನೆಯಲ್ಲಿ ‘ಎಸ್’ ಇದೆಯಲ್ಲ. ‘ಈಸ್’ ಹಾಕೋದಾ, ‘ಆರ್’ ಹಾಕೋದಾ?

‘ಈಸ್’. ‘ಮೀಸಲ್ಸ್ ಈಸ್ ಡೇಂಜರಸ್’. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು, ಯಾಕೆಂದರೆ ಇಲ್ಲಿ ಪ್ರತಿ ‘ಎಸ್’ ಹಿಂದೆಯೂ ಒಂದೊಂದು ಕಥೆ ಇದೆ.

ದಡಾರದಲ್ಲಿ ಮೈತುಂಬಾ ಕೆಂಪು ಗುಳ್ಳೆ ಏಳುತ್ತವೆ. ಆ ಗುಳ್ಳೆಗಳ ಬಹುವಚನವೇ ಮೀಸಲ್ಸ್ ಆಯಿತು. ಕಾಲ ಕಳೆದಂತೆ ಗುಳ್ಳೆ ಮರೆತು ರೋಗದ ಹೆಸರು ಉಳಿಯಿತು, ವೇಷ ಮಾತ್ರ ಬಹುವಚನದ್ದು. ಹಳಬರು ‘ದಿ ಮೀಸಲ್ಸ್’, ‘ದಿ ಮಂಪ್ಸ್’ ಅಂತ ‘ದಿ’ ಸೇರಿಸಿ ಹೇಳುವುದೂ ಇದೆ. ಈಗ ಅದು ಕಮ್ಮಿ.

ಸಿಡುಬಿನ ಕಥೆ ಇನ್ನೂ ಚೆಂದ. ಸ್ಮಾಲ್‌ಪಾಕ್ಸ್ ಅನ್ನುವುದರ ಕೊನೆಯಲ್ಲಿ ‘ಎಸ್’ ಕಾಣುವುದೇ ಇಲ್ಲ, ‘ಎಕ್ಸ್’ ಇದೆ. ಆದರೆ ಅದೂ ಮೂಲದಲ್ಲಿ ಬಹುವಚನವೇ. ಒಂದು ಗುಳ್ಳೆ ‘ಪಾಕ್’, ತುಂಬಾ ಗುಳ್ಳೆ ‘ಪಾಕ್ಸ್’. ಬರೆಯುವಾಗ ‘ಕೆಎಸ್’ ಹೋಗಿ ‘ಎಕ್ಸ್’ ಬಂತು, ಬಹುವಚನ ಅನ್ನುವುದೇ ಕಣ್ಮರೆಯಾಯಿತು. 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹಾಗಾಗಿ ಅದರ ಬಗ್ಗೆ ಈಗ ‘ವಾಸ್’ ಅಂತಲೇ ಬರೆಯುವುದು ಜಾಸ್ತಿ. ಚಿಕನ್‌ಪಾಕ್ಸ್ ಮಾತ್ರ ಇನ್ನೂ ‘ಈಸ್’.

ಶಿಂಗಲ್ಸ್ ಅಂದರೆ ನಮ್ಮ ಸರ್ಪಸುತ್ತು. ಆ ಪದದ ಬೇರು ಲ್ಯಾಟಿನ್‌ನಲ್ಲಿ ಸೊಂಟದ ಪಟ್ಟಿಗೆ ಇರುವ ಹೆಸರು. ಮೈ ಸುತ್ತ ಪಟ್ಟಿಯ ಹಾಗೆ ಗುಳ್ಳೆ ಏಳುವುದನ್ನು ಅವರು ನೋಡಿದರು, ನಮ್ಮವರು ಅದನ್ನೇ ಹಾವು ಸುತ್ತಿಕೊಂಡ ಹಾಗೆ ಕಂಡರು. ಇದಕ್ಕೂ ‘ಈಸ್’.

ಡಯಾಬಿಟಿಸ್, ರೇಬಿಸ್ ಇವುಗಳ ‘ಎಸ್’ ಬಹುವಚನವೇ ಅಲ್ಲ, ಗ್ರೀಕ್, ಲ್ಯಾಟಿನ್ ಪದಗಳ ಜೊತೆಗೇ ಬಂದದ್ದು. ‘ಒಂದು ಡಯಾಬಿಟಿ’ ಅಂತ ಎಲ್ಲೂ ಇಲ್ಲ.

ಆದರೆ ಹುಷಾರು, ಪೈಲ್ಸ್ ಈ ಗುಂಪಿಗೆ ಸೇರುವುದಿಲ್ಲ. ಮೂಲವ್ಯಾಧಿಗೆ ‘ಪೈಲ್ಸ್ ಆರ್ ಪೇನ್‌ಫುಲ್’ ಅಂತ ‘ಆರ್’ ಬರುತ್ತದೆ. ಕಿಡ್ನಿ ಸ್ಟೋನ್ಸ್ ಕೂಡ ಸಾಚಾ ಬಹುವಚನ, ಒಂದಿದ್ದರೆ ‘ಎ ಕಿಡ್ನಿ ಸ್ಟೋನ್’.

ಎರಡು ಸಲ ಮಲೇರಿಯಾ ಬಂದಿತ್ತು ಅನ್ನೋಕೆ ‘ಟೂ ಮಲೇರಿಯಾಸ್’ ಅನ್ನಬಹುದಾ?

ಬೇಡ. ‘ಐ ಹ್ಯಾವ್ ಹ್ಯಾಡ್ ಮಲೇರಿಯಾ ಟ್ವೈಸ್’ ಅಂದರೆ ಮುಗಿಯಿತು. ಕಾಯಿಲೆಯನ್ನು ಎಣಿಸುವ ಬದಲು ಸಲಗಳನ್ನು ಎಣಿಸುವುದು. ಕನ್ನಡದಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ?

ಎಷ್ಟು ಜನಕ್ಕೆ ಬಂದಿದೆ ಅಂತ ಲೆಕ್ಕ ಕೊಡಬೇಕಾದರೆ ‘ಕೇಸ್’ ಸಹಾಯಕ್ಕೆ ಬರುತ್ತದೆ: ‘ಫೈವ್ ಕೇಸಸ್ ಆಫ್ ಡೆಂಗಿ’. ಸುದ್ದಿಯಲ್ಲಿ ಕೇಳಿಯೇ ಇರುತ್ತೀರಿ. ಉಬ್ಬಸ ಇದ್ದಕ್ಕಿದ್ದಂತೆ ಕೆರಳಿದರೆ ‘ಆ್ಯನ್ ಅಟ್ಯಾಕ್ ಆಫ್ ಆಸ್ತಮಾ’ ಅಥವಾ ‘ಆ್ಯನ್ ಆಸ್ತಮಾ ಅಟ್ಯಾಕ್’. ಕೆಲವು ದಿನ ಕಾಡಿ ಹೋದದ್ದಕ್ಕೆ ‘ಎ ಬೌಟ್ ಆಫ್ ಮಲೇರಿಯಾ’. ಸ್ವಲ್ಪವೇ ಸ್ವಲ್ಪ ಇದ್ದರೆ ‘ಎ ಟಚ್ ಆಫ್ ಫ್ಲೂ’, ಇದರಲ್ಲಿ ನನಗೇನೂ ಆಗಿಲ್ಲ ಅನ್ನುವ ಒಂಥರಾ ಬಿಂಕವೂ ಇದೆ.

ಫಿಟ್ಸ್ ಬರುವ ಕಾಯಿಲೆಗೂ ಇದೇ ಲೆಕ್ಕ. ಎಪಿಲೆಪ್ಸಿ ಅನ್‌ಕೌಂಟಬಲ್, ಬಂದು ಹೋಗುವ ಒಂದೊಂದು ಫಿಟ್ಸ್ ‘ಎ ಸೀಷರ್’.

‘ಪೇನ್’ ಯಾವ ಗುಂಪು?

ಎರಡೂ ಗುಂಪು, ಮತ್ತು ಡಾಕ್ಟರ ಎದುರು ನಿಜಕ್ಕೂ ಉಪಯೋಗಕ್ಕೆ ಬರುವ ವ್ಯತ್ಯಾಸ ಇದು. ‘ಐ ಹ್ಯಾವ್ ಎ ಪೇನ್ ಇನ್ ಮೈ ಚೆಸ್ಟ್’ ಅಂದರೆ ಎದೆಯಲ್ಲಿ ಒಂದು ಕಡೆ, ಇಂಥ ಜಾಗ ಅಂತ ತೋರಿಸಬಹುದಾದ ನೋವು. ‘ಎ ಶಾರ್ಪ್ ಪೇನ್’ ಅಂದರೆ ಚುಚ್ಚಿದ ಹಾಗೆ, ‘ಎ ಡಲ್ ಪೇನ್’ ಅಂದರೆ ಒಳಗೊಳಗೇ ಒಂದೇ ಸಮ ನೋಯುವುದು. ‘ಐ ಆಮ್ ಇನ್ ಪೇನ್’ ಅಂದರೆ ನೋವಿನಲ್ಲಿದ್ದೇನೆ, ಎಲ್ಲಿ ಅಂತಲ್ಲ, ಒಟ್ಟಾರೆ. ಇಲ್ಲಿ ‘ಎ’ ಹಾಕಿ ‘ಇನ್ ಎ ಪೇನ್’ ಅನ್ನಬಾರದು. ‘ಚೆಸ್ಟ್ ಪೇನ್’ ಲಕ್ಷಣದ ಹೆಸರು, ‘ಎ’ ಬೇಡ. ‘ಚೆಸ್ಟ್ ಪೇನ್ಸ್’ ಅಂದರೆ ಬಿಟ್ಟು ಬಿಟ್ಟು ಬರುತ್ತಿದೆ.

ಮತ್ತೊಂದು, ‘ಮೈ ಹೆಡ್ ಈಸ್ ಪೇನಿಂಗ್’ ಅನ್ನುವುದು ನಮ್ಮ ‘ತಲೆ ನೋಯುತ್ತಿದೆ’ಗೆ ಇಂಗ್ಲಿಷ್ ಅಂಗಿ ತೊಡಿಸಿದ್ದು. ‘ಮೈ ಹೆಡ್ ಹರ್ಟ್ಸ್’ ಅನ್ನಿ. ಇದರಲ್ಲಿ ನಾಮಪದದ ಗೊಡವೆಯೇ ಇಲ್ಲ, ‘ಎ’ ತಪ್ಪುವ ಭಯವೂ ಇಲ್ಲ. ಒಂದು ಹೆಸರಿಗೆ ‘ಎ’ ಬೇಕೋ ಬೇಡವೋ ಅಂತ ತಡವರಿಸುವಾಗ ಹೀಗೆ ಕ್ರಿಯಾಪದದ ಕಡೆ ನುಸುಳಿಕೊಳ್ಳುವುದು ಒಳ್ಳೆ ಜಾಣತನ: ‘ಐ ಕೀಪ್ ಕಾಫಿಂಗ್’, ‘ಐ ಹ್ಯಾವ್ ಬೀನ್ ವಾಮಿಟಿಂಗ್’.

ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಕ್ಯಾನ್ಸರ್?

ಮೊದಲಿನ ಎರಡು ಘಟನೆಗಳು, ಹಾಗಾಗಿ ಕೌಂಟಬಲ್. ‘ಹಿ ಹ್ಯಾಡ್ ಎ ಹಾರ್ಟ್ ಅಟ್ಯಾಕ್’, ‘ಶಿ ಹ್ಯಾಸ್ ಹ್ಯಾಡ್ ಟೂ ಸ್ಟ್ರೋಕ್ಸ್’. ಎಷ್ಟು ಸಲ ಅನ್ನೋದು ಡಾಕ್ಟರಿಗೆ ಬೇಕಾದ ಮಾಹಿತಿ. ಆದರೆ ‘ಹಾರ್ಟ್ ಡಿಸೀಸ್’ ಒಂದು ಸ್ಥಿತಿ, ‘ಎ’ ಇಲ್ಲ. ಅದನ್ನೇ ಮೆತ್ತಗೆ ಹೇಳಬೇಕಾದರೆ ‘ಎ ಹಾರ್ಟ್ ಕಂಡೀಷನ್’, ಇಲ್ಲಿ ‘ಎ’ ಇದೆ. ‘ಹೀಟ್‌ಸ್ಟ್ರೋಕ್’, ‘ಸನ್‌ಸ್ಟ್ರೋಕ್’ ಹೆಸರಿನಲ್ಲಿ ಸ್ಟ್ರೋಕ್ ಇದ್ದರೂ ಸಾಮಾನ್ಯವಾಗಿ ಅನ್‌ಕೌಂಟಬಲ್.

ಕ್ಯಾನ್ಸರ್ ರೋಗವಾಗಿ ಅನ್‌ಕೌಂಟಬಲ್: ‘ಶಿ ಹ್ಯಾಸ್ ಕ್ಯಾನ್ಸರ್’, ‘ಲಂಗ್ ಕ್ಯಾನ್ಸರ್’. ‘ಎ ಕ್ಯಾನ್ಸರ್’ ಅಂದರೆ ಒಂದು ಗಡ್ಡೆ ಅಥವಾ ಒಂದು ಬಗೆಯ ಕ್ಯಾನ್ಸರ್, ಇದು ಹೆಚ್ಚಾಗಿ ವೈದ್ಯರ ಮಾತು. ‘ಕ್ಯಾನ್ಸರ್ಸ್’ ಅಂದರೆ ಹಲವು ಬಗೆಗಳು.

ಬಿಪಿ ಇದೆ, ಶುಗರ್ ಇದೆ, ಥೈರಾಯ್ಡ್ ಇದೆ. ಇದನ್ನೆಲ್ಲ ಹಾಗೇ ಹೇಳಬಹುದಲ್ವಾ?

ನಮ್ಮ ನಮ್ಮಲ್ಲಿ ಧಾರಾಳವಾಗಿ. ಹೊರಗಿನವರ ಹತ್ತಿರ ‘ಐ ಹ್ಯಾವ್ ಬಿಪಿ’ ಅಂದರೆ ಅವರು ಕಣ್ಣು ಪಿಳಿಪಿಳಿ ಬಿಡುತ್ತಾರೆ, ಯಾಕೆಂದರೆ ಬ್ಲಡ್ ಪ್ರೆಷರ್ ಇಲ್ಲದವರು ಬದುಕಿರುವುದೇ ಇಲ್ಲ. ‘ಹೈ ಬ್ಲಡ್ ಪ್ರೆಷರ್’ ಅನ್ನಬೇಕು, ‘ಎ’ ಬೇಡ. ಶುಗರ್‌ಗೆ ‘ಡಯಾಬಿಟಿಸ್’. ಥೈರಾಯ್ಡ್ ಎಲ್ಲರ ಕುತ್ತಿಗೆಯಲ್ಲೂ ಇರುವ ಗ್ರಂಥಿ, ತೊಂದರೆಗೆ ‘ಎ ಥೈರಾಯ್ಡ್ ಪ್ರಾಬ್ಲಮ್’. ‘ಐ ಹ್ಯಾವ್ ಟಾನ್ಸಿಲ್ಸ್’, ‘ಐ ಹ್ಯಾವ್ ಆ್ಯನ್ ಅಪೆಂಡಿಕ್ಸ್’ ಅಂದರೆ ಸಂತೋಷ, ನನಗೂ ಇದೆ ಅನ್ನಬಹುದು. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್ ಅನ್ನಬೇಕು.

ಹಾಗಂತ ನಾಚಿಕೆ ಪಟ್ಟುಕೊಳ್ಳಬೇಡಿ. ‘ಐ ಹ್ಯಾವ್ ಎ ಟೆಂಪರೇಚರ್’ ಅನ್ನುವ ಬ್ರಿಟಿಷರು ಮಾಡುವುದೂ ಇದನ್ನೇ. ಅವರದ್ದು ಡಿಕ್ಷನರಿ ಸೇರಿತು, ಅಷ್ಟೇ.

‘ಗ್ಯಾಸ್ಟ್ರಿಕ್’, ‘ವೈರಲ್’ ಎರಡೂ ವಿಶೇಷಣಗಳು, ಒಂಟಿಯಾಗಿ ನಿಲ್ಲವು. ‘ಗ್ಯಾಸ್ಟ್ರೈಟಿಸ್’ ಅಥವಾ ‘ಗ್ಯಾಸ್’, ಎರಡಕ್ಕೂ ‘ಎ’ ಬೇಡ. ವೈರಲ್‌ಗೆ ‘ಎ ವೈರಲ್ ಇನ್‌ಫೆಕ್ಷನ್’ ಅಥವಾ ಸುಮ್ನೆ ‘ಎ ವೈರಸ್’. ಲೂಸ್ ಮೋಷನ್‌ಗೆ ‘ಡಯೇರಿಯಾ’.

ಡಿಸೀಸ್, ಇಲ್‌ನೆಸ್, ಇನ್‌ಫೆಕ್ಷನ್ ಅನ್ನೋ ಪದಗಳೇ ಯಾವ ಗುಂಪು?

ಮೂರೂ ಎರಡೂ ಕಡೆ ಓಡಾಡುತ್ತವೆ. ಒಂದು ನಿರ್ದಿಷ್ಟ ರೋಗವಾದರೆ ‘ಎ ರೇರ್ ಡಿಸೀಸ್’, ರೋಗ ಅನ್ನೋದು ಒಟ್ಟಾಗಿ ಆದರೆ ‘ಡಿಸೀಸ್ ಸ್ಪ್ರೆಡ್ಸ್ ಫಾಸ್ಟ್’. ‘ಎ ಲಾಂಗ್ ಇಲ್‌ನೆಸ್’, ಆದರೆ ‘ಮೆಂಟಲ್ ಇಲ್‌ನೆಸ್’. ‘ಆ್ಯನ್ ಇಯರ್ ಇನ್‌ಫೆಕ್ಷನ್’, ಆದರೆ ‘ಎ ಹೈ ರಿಸ್ಕ್ ಆಫ್ ಇನ್‌ಫೆಕ್ಷನ್’. ‘ಹೆಲ್ತ್’ ಮಾತ್ರ ಯಾವತ್ತೂ ಅನ್‌ಕೌಂಟಬಲ್. ‘ಎ ಗುಡ್ ಹೆಲ್ತ್’ ಅಂತ ಹಾರೈಸಬೇಡಿ, ‘ಗುಡ್ ಹೆಲ್ತ್’ ಸಾಕು. ತಮಾಷೆ ಅಂದರೆ ‘ಎ ಸ್ಪೀಡಿ ರಿಕವರಿ’ಗೆ ‘ಎ’ ಬೇಕೇ ಬೇಕು.

‘ಸಿವಿಯರ್’, ‘ಬ್ಯಾಡ್’ ಅಂತ ಸೇರಿಸಿದ್ರೆ ‘ಎ’ ಬಂದುಬಿಡುತ್ತಾ?

ರೋಗದ ಹೆಸರಿಗಾದರೆ ಬರುವುದಿಲ್ಲ. ‘ಸಿವಿಯರ್ ಆಸ್ತಮಾ’, ‘ಅಕ್ಯೂಟ್ ಬ್ರಾಂಕೈಟಿಸ್’. ‘ಎ ಸಿವಿಯರ್ ಆಸ್ತಮಾ’ ಅಂತ ಬರೆಯುವವರು ತುಂಬಾ ಜನ. ‘ಎ’ ಬೇಕೇ ಬೇಕು ಅನಿಸಿದರೆ ಎಣಿಕೆಗೆ ಸಿಗುವ ಇನ್ನೊಂದು ಪದವನ್ನು ತನ್ನಿ: ‘ಎ ಸಿವಿಯರ್ ಫಾರ್ಮ್ ಆಫ್ ಆಸ್ತಮಾ’, ‘ಎ ಬ್ಯಾಡ್ ಕೇಸ್ ಆಫ್ ಮೀಸಲ್ಸ್’.

ಮೆಡಿಸಿನ್, ಸರ್ಜರಿ, ಅಡ್ವೈಸ್?

ಮೆಡಿಸಿನ್ ಎರಡೂ. ‘ಟೇಕ್ ಸಮ್ ಮೆಡಿಸಿನ್’, ‘ಎ ನ್ಯೂ ಮೆಡಿ​ಸಿನ್ ಫಾರ್ ಆಸ್ತಮಾ’. ಟ್ಯಾಬ್ಲೆಟ್, ಇಂಜೆಕ್ಷನ್, ಪೇನ್‌ಕಿಲ್ಲರ್, ಆ್ಯಂಟಿಬಯಾಟಿಕ್ ಎಲ್ಲ ಕೌಂಟಬಲ್. ಚಿಕಿತ್ಸೆಯಾಗಿ ‘ಸರ್ಜರಿ’ಗೆ ‘ಎ’ ಬೇಡ, ಅದೇ ಕೆಲಸಕ್ಕೆ ‘ಆ್ಯನ್ ಆಪರೇಷನ್’ ಅಂದರೆ ಬೇಕು. ಬ್ರಿಟನ್ನಿನಲ್ಲಿ ‘ಎ ಸರ್ಜರಿ’ ಅಂದರೆ ಡಾಕ್ಟರ ಕ್ಲಿನಿಕ್! ಅಡ್ವೈಸ್ ಯಾವಾಗಲೂ ಅನ್‌ಕೌಂಟಬಲ್. ‘ಅಡ್ವೈಸಸ್’ ಅಂತ ಬರೆದದ್ದು ಕಂಡರೆ ಸುಮ್ನೆ ‘ಎಸ್’ ಹೊಡೆದುಹಾಕಿ. ಎಕ್ಸ್‌ರೇ, ಎಂಆರ್‌ಐ, ಇಸಿಜಿ ಮೂರಕ್ಕೂ ‘ಆ್ಯನ್’.

‘ಮಚ್’, ‘ಮೆನಿ’ ಇಲ್ಲೂ ಬರುತ್ತಾ?

ಬರುತ್ತದೆ. ‘ಹೌ ಮಚ್ ಪೇನ್’, ‘ಹೌ ಮೆನಿ ಹೆಡೇಕ್ಸ್’. ಡಾಕ್ಟರು ಮೊದಲನೆಯದನ್ನು ಕೇಳಿದರೆ ಎಷ್ಟು ಜೋರು ಅಂತ ಹೇಳಿ, ಎರಡನೆಯದನ್ನು ಕೇಳಿದರೆ ಎಷ್ಟು ಸಲ ಅಂತ ಹೇಳಿ. ಕಮ್ಮಿಯಾಗಿದ್ದರೆ ‘ಲೆಸ್ ಪೇನ್’, ‘ಫ್ಯೂಯರ್ ಹೆಡೇಕ್ಸ್’.

‘ಐ ಆಮ್ ಹ್ಯಾವಿಂಗ್ ಫೀವರ್’, ‘ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಅಂತ ರಜೆ ಪತ್ರದಲ್ಲಿ ಬರೆಯುತ್ತೇವಲ್ಲ?

ಶಾಲೆಯಲ್ಲಿ ಆ ಎರಡನೇ ಸಾಲು ಬರೆಯದೆ ರಜೆ ತಗೊಂಡವರು ಯಾರಿದ್ದಾರೆ! ಅದು ತೀರಾ ತಪ್ಪೇನಲ್ಲ, ‘ಎ’ ಸೇರಿಸಿದರೆ ಸರಿಹೋಗುತ್ತದೆ. ಆದರೆ ‘ಸಫರಿಂಗ್’ ಅನ್ನುವ ದೊಡ್ಡ ಪದ ಒಂದು ದಿನದ ಜ್ವರಕ್ಕೆ ಭಾರ ಜಾಸ್ತಿ. ‘ಐ ಹ್ಯಾವ್ ಎ ಫೀವರ್’ ಸಾಕು. ‘ಹ್ಯಾವಿಂಗ್’ ಮಾತ್ರ ಬೇಡ. ಕಾಯಿಲೆ ಇದೆ ಅನ್ನುವಾಗ ‘ಹ್ಯಾವ್’. ಹಾರ್ಟ್ ಅಟ್ಯಾಕ್ ಥರ ಕಣ್ಣೆದುರೇ ನಡೆಯುತ್ತಿರುವ ಘಟನೆಗೆ ಮಾತ್ರ ‘ಹಿ ಈಸ್ ಹ್ಯಾವಿಂಗ್ ಎ ಹಾರ್ಟ್ ಅಟ್ಯಾಕ್’ ಸರಿ.

ಇಲ್ಲಿ ಇಲ್ಲದ ಕಾಯಿಲೆಗೆ ಏನು ಮಾಡೋದು?

ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ಡಿಕ್ಷನರಿ ನೋಡಿ. ನಾಮಪದದ ಪಕ್ಕ ‘ಸಿ’ ಇದ್ದರೆ ಕೌಂಟಬಲ್, ‘ಯು’ ಇದ್ದರೆ ಅನ್‌ಕೌಂಟಬಲ್. ಕೆಲವದರಲ್ಲಿ ಪೂರ್ತಿ ಪದವನ್ನೇ ಬರೆದಿರುತ್ತಾರೆ. ಎರಡೂ ಇದ್ದರೆ ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದಿ, ಯಾವ ಅರ್ಥಕ್ಕೆ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ಮೊದಲ ಸಲಕ್ಕೆ ‘ಪೇನ್’ ಹುಡುಕಿ ನೋಡಿ.